ಕುಬಸದ ದಿನ

“ಬಿಪಿ ಒಂದೀಟು ಏರೇತಿ. ತಲಿನೋವು, ಕಣ್ಣು ಮಂಜಾಗೂದು ಇದ್ರ ಹೇಳವಾ. ಅವು ಇದ್ರ ಕೂಸಿಗೂ ನಿನಗೂ ಅಪಾಯ, ಈಗ ದವಾಖಾನಿಗೆ ಹೋಗೂಣು. ಇಲ್ಲಂದ್ರ ನಾಳೆ ನೋಡೂಣು,” ಎಂದಳು ನಂದಾ. ಬಸುರಿಯರ ತೊಡಕುಗಳ ಕುರಿತ ಸಂಶೋಧನೆಗೆ ಅವಳು ತಂಬೂರು ಹಳ್ಳಿಯ ಮನೆಮನೆಗೆ ಬರುತ್ತಿದ್ದಳು. ಕುಬಸಕ್ಕೆಂದು, ತನ್ನ ಸೀಮಂತಕ್ಕೆಂದು, ಕೈತುಂಬ ಹಸಿರು ಬಳೆ ತೊಟ್ಟಿದ್ದ ಸುನೀತಾ ಅತ್ತೆಯ ಮುಖ ನೋಡಿ, “ಏನೂ ಇಲ್ರಿ, ಅಗದಿ ಆರಾಮ ಅದೀನಿ,” ಎಂದಳು.

ಹಿರಿಯ ಸೊಸೆ ಬಸಕ್ಕ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ಅವಳು ಹೂ ಮುಡಿಸುವಾಗ ಸುನೀತಾ, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ ಎಂದು ಅವಳ ಕಿವಿಯಲ್ಲಿ ಹೇಳಿದ್ದಳು. ಮಕ್ಕಳಾಗಲಿಲ್ಲವೆಂದು ಬಸಕ್ಕನನ್ನು ಉಡಿ ತುಂಬಲು ಯಾರೂ ಕರೆದಿರಲಿಲ್ಲ. ಆ ಬಳೆಗಳಲ್ಲಿ ಒಂದಾದರೂ ಒಡೆಯಲಿ ಎಂದು ಅವಳು ಮುಂಜಾನೆಯಿಂದ ಬಯಸುತ್ತಿದ್ದಳು. ಈಗ ತಾನು ಬಾಯಿ ತೆರೆಯದಿದ್ದರೆ ಸಾಕಿತ್ತು, ಕೆಡುಕು ತಾನಾಗಿ ಆಗುತ್ತಿತ್ತು.

ನಂದಾ ಬಿಪಿ ಪಟ್ಟಿ ಸುತ್ತಿ ಚೀಲಕ್ಕೆ ಹಾಕತೊಡಗಿದಳು.

“ಸುಳ್ಳು ಹೇಳಾಕತ್ತಾಳ್ರಿ,” ಎಂದಳು ಬಸಕ್ಕ. “ತಲಿ ಸಿಡಿಯಾಕತ್ತೈತಿ, ಕಣ್ಣೂ ಮಂಜಾಗ್ಯಾವ.”

“ಹೊಟ್ಟಿಕಿಚ್ಚು ಬೇ ನಿನಗ!” ಅತ್ತೆ ಆರತಿ ತಟ್ಟೆ ಕುಕ್ಕಿದಳು. “ಇವತ್ತೊಂದಿನ ತಡಕೊಳ್ಳಾಕ ಆಗಲಿಲ್ಲ?”

“ಹೊಟ್ಟಿಕಿಚ್ಚು ಖರೇನ ಐತ್ರಿ ಅತ್ತಿ,” ಎನ್ನುತ್ತ ಬಸಕ್ಕ ಸುನೀತಾಳ ರಟ್ಟೆ ಹಿಡಿದು ಎಬ್ಬಿಸಿದಳು. “ತಲಿನೋವೂ ಖರೇನ ಐತಿ.”