ಹಸಿರು ತ್ರಿಶೂಲ

"ತೋಳು ಮಡಿಸಪ್ಪ" ಎಂದಳು ನರ್ಸ್. ರಕ್ತ ಕೊಡಲು ಕೂತಿದ್ದ ನಂಜುಂಡ ಶರ್ಟಿನ ತೋಳು ಮಡಿಸಿದ. ಮುಂಗೈ ಮೇಲೆ ಹಸಿರು ತ್ರಿಶೂಲ. ಅದರ ಹೊಪ್ಪಳೆ ಇನ್ನೂ ಪೂರ್ತಿ ಉದುರಿರಲಿಲ್ಲ.

"ಯಾವಾಗ ಹಾಕಿಸ್ಕೊಂಡೆ ಈ ಹಚ್ಚೆ?"

"ಓದ್ ತಿಂಗ್ಳು, ಸಿಸ್ಟರ್."

"ಏಳು ಮೇಲೆ. ಆ ಸೂಜೀಲಿ ಇನ್ನೆಷ್ಟು ಜನಕ್ಕೆ ಚುಚ್ಚಿದ್ನೋ! ಕಾಮಾಲೆನೋ, ಏಡ್ಸೋ, ಯಾರಿಗೆ ಗೊತ್ತು?"

ಹಿಂದೆ ನಿಂತಿದ್ದ ನಾಗೇಂದ್ರ ಕೇಳುವ ಮೊದಲೇ ತೋಳು ತೋರಿಸಿ ಪಕ್ಕಕ್ಕೆ ಸರಿದ. ಅಲ್ಲೂ ಅದೇ ತ್ರಿಶೂಲ.

ಒಳಗೆ ಮಲಗಿದ್ದ ಬಸವಪ್ರಸಾದನ ಕೈಮೇಲೂ ಅದೇ ಇತ್ತು. ಗೆಳೆಯರು ಮೂವರೂ ಒಂದೇ ದಿನ, ನಂಜನಗೂಡಿನ ಗುಡಿಯ ಹೊರಗೆ ಕೂತಿದ್ದವನ ಹತ್ತಿರ ಹಾಕಿಸಿಕೊಂಡಿದ್ದರು. ದೇವರೇ ಮೈಮೇಲಿರುವಾಗ ಇನ್ನೇನು ಭಯ? ಬಸವಪ್ರಸಾದ್ ಅಂದಿನಿಂದ ಎರಡೂ ಕೈ ಬಿಟ್ಟು ಬೈಕ್ ಓಡಿಸತೊಡಗಿದ್ದ. ಇವತ್ತು ಚಿಕ್ಕಯ್ಯನಛತ್ರದ ತಿರುವಿನಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಅದಕ್ಕೆ ತ್ರಿಶೂಲ ಕಾಣಿಸಲಿಲ್ಲ.

"ಮೈಸೂರಿಂದ ರಕ್ತ ತರ್ಸಕ್ಕಾಗಲ್ವಾ ಸಾ?" ಬಸವಪ್ರಸಾದನ ತಂದೆ ದೊಡ್ಡಸಿದ್ದಯ್ಯ ಡಾಕ್ಟರ ಮುಂದೆ ಕೈಮುಗಿದ.

"ಅಷ್ಟು ಹೊತ್ತು ತಡಿಯಲ್ಲ ಯಜಮಾನ್ರೇ. ನಿಮ್ಮ ರಕ್ತದ ಗುಂಪು ಬೇರೆ. ಇನ್ಯಾರೂ ಇಲ್ವಾ?"

ನಂಜುಂಡ ತಲೆ ಬಗ್ಗಿಸಿಕೊಂಡೇ ಹೇಳಿದ. "ಪ್ರೇಮ್ ಅವ್ನೆ ಸಾ. ಕಾಲೇಜಲ್ಲಿ ನೋಡಿದ್ರು, ಇಬ್ರುದೂ ಒಂದೇ ಗುಂಪು. ಅವ್ನು ಅಚ್ಚೆ ಆಕಿಸ್ಕಂಡಿಲ್ಲ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಪ್ರೇಮ್‌ಕುಮಾರ್ ಹೊರಗೇ ನಿಂತಿದ್ದ. ಬಸವಪ್ರಸಾದನನ್ನು ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದವನು ಅವನೇ. ಒಂದೇ ಊರು, ಬೇರೆ ಕೇರಿ. ಹಚ್ಚೆಯ ದಿನ ಅವನೂ ಆಸೆಯಿಂದ ಹೋಗಿದ್ದ. "ಒಂದೇ ಸೂಜಿ ಕಣ್ಲಾ. ನಮ್ ಮನೇಲಿ ಗೊತ್ತಾದ್ರೆ ನಮ್ಮುನ್ನ ಒಳೀಕೆ ಸೇರ್ಸಲ್ಲ, ನೀ ಬ್ಯಾಡ" ಎಂದಿದ್ದ ನಂಜುಂಡ. ಬಸವಪ್ರಸಾದ್ ಚಪ್ಪಲಿ ಬಿಟ್ಟು ಹಚ್ಚೆಯವನ ಮುಂದೆ ತೋಳು ಚಾಚಿದ. ಪ್ರೇಮ್ ನಕ್ಕು, ಅವರ ಚಪ್ಪಲಿ ಕಾಯುತ್ತಾ ಕೂತಿದ್ದ. ಆ ನಗು ನಿಜವೆಂದೇ ಇವರು ನಂಬಿದ್ದರು.

ಈ ಹುಡುಗನನ್ನು ದೊಡ್ಡಸಿದ್ದಯ್ಯ ಒಂದು ದಿನವೂ ಜಗಲಿ ಹತ್ತಿಸಿದವನಲ್ಲ. ಈಗ ತಾನಾಗಿ ಬಾಗಿಲಿಗೆ ಹೋಗಿ ಅವನ ಕೈ ಹಿಡಿದುಕೊಂಡ.

"ಬಾಪ್ಪಾ ಒಳೀಕೆ. ಕೇರಿ ಗೀರಿ ಎಲ್ಲಾ ಸುಟ್ಟೋಗ್ಲಿ. ನನ್ನ ಮಗುನ್ನ ಉಳುಸ್ಕೊಡು."

ಪ್ರೇಮ್‌ಕುಮಾರ್ ಹೆಜ್ಜೆ ಎತ್ತಲಿಲ್ಲ. ಕಣ್ಣು ತುಂಬಿಕೊಂಡಿತ್ತು.

"ಆಗಲ್ಲ ಯಜಮಾನ್ರೇ."

"ಆವತ್ತಿನ್ ಸಿಟ್ಟ ಈಗ ತೀರ್ಸ್ಕಂತೀಯೇನ್ಲಾ?" ನಂಜುಂಡ ಅವನ ಕೊರಳಪಟ್ಟಿಗೆ ಕೈ ಹಾಕಿದ.

ಪ್ರೇಮ್ ಬಿಡಿಸಿಕೊಳ್ಳಲಿಲ್ಲ. ತುಂಬುತೋಳಿನ ಗುಂಡಿ ಬಿಚ್ಚಿ, ರಕ್ತ ಮೆತ್ತಿದ್ದ ಶರ್ಟನ್ನು ಮೊಣಕೈವರೆಗೆ ಸರಿಸಿದ. ಹಸಿರು ತ್ರಿಶೂಲ.

"ಮಾರ್ನೇ ದಿನ ಒಬ್ನೇ ಓಗಿದ್ದೆ ಕಣ್ಲಾ" ಎಂದ. "ಅವ್ರಿಗೆ ಚುಚ್ಚಿದ್ ಸೂಜೀಲೇ ಚುಚ್ಚು ಅಂದೆ."