ಬ್ಯುರೆಟ್ಟಿನ ಮುಂದೆ ಬಗ್ಗಬೇಕು

ಬೆವರಿನ ಪರೀಕ್ಷೆಯಲ್ಲಿ ದಣಿವು ಇಪ್ಪತ್ತನೆಯ ಗೆರೆ ದಾಟಿದರೆ ಮಾತ್ರ ಯಾರಿಗಾದರೂ ರಜೆ. ಬಸ್ ಡಿಪೋದ ಲ್ಯಾಬಿನಲ್ಲಿ ವಿಶಾಲಾಕ್ಷಿ, ಡ್ರೈವರ್ ಚೌಡಪ್ಪನ ಬೆವರಿಗೆ ಬ್ಯುರೆಟ್ಟಿನಿಂದ, ಆ ಗೆರೆ ಕೊರೆದ ಉದ್ದನೆಯ ಗಾಜಿನ ಕೊಳವೆಯಿಂದ, ಹನಿ ಹನಿಯಾಗಿ ದ್ರಾವಣ ಬಿಟ್ಟಳು. ಫ್ಲಾಸ್ಕಿನಲ್ಲಿ ತಿಳಿಗುಲಾಬಿ ಬಣ್ಣ ಬಂದು ನಿಂತಿತು. ಎಷ್ಟು ದ್ರಾವಣ ಇಳಿಯಿತೆಂದು ಅವಳು ನಿಂತಲ್ಲಿಂದಲೇ ಬ್ಯುರೆಟ್ಟಿನ ಗೆರೆ ನೋಡಿದಳು.

“ಇಪ್ಪತ್ತಕ್ಕೆ ಒಂದು ಗೆರೆ ಕಮ್ಮಿ. ರಜೆ ಇಲ್ಲ.”

“ಕಣ್ಣು ಎಳೀತಿದೆ ಮೇಡಂ. ಬಸ್ ತುಂಬ ಜನ ಇರ್ತಾರೆ.”

“ನಾನೇನ್ ಮಾಡ್ಲಿ? ಗಾಜು ತೋರಿಸಿದ್ದು ಅಷ್ಟೇ.”

ಚೌಡಪ್ಪ ಕಣ್ಣುಜ್ಜಿಕೊಳ್ಳುತ್ತ ಬಸ್ಸಿನತ್ತ ಹೊರಟ.

ಮುಂದಿನದು ವಿಶಾಲಾಕ್ಷಿಯದೇ ಬೆವರು. ತನ್ನದನ್ನು ತಾನೇ ಅಳೆಯುವಂತಿಲ್ಲ. ಜೊತೆಗೆ ಕೆಲಸ ಮಾಡುವ ತಸ್ಲೀಮಾ ಪಕ್ಕದ ಬ್ಯುರೆಟ್ಟಿನಲ್ಲಿ ಅಳೆದಳು, ಮೇಜಿಗೆ ಒರಗಿ ನಿಂತುಕೊಂಡೇ.

“ಒಂದು ಗೆರೆ ಕಮ್ಮಿ ಅಕ್ಕ.”

“ಬಗ್ಗಿ ನೋಡೇ. ಕಣ್ಣು ದ್ರಾವಣದ ಮಟ್ಟಕ್ಕೆ ಬರ್ಬೇಕು. ಮೇಲಿಂದ ನೋಡಿದ್ರೆ ಕಮ್ಮೀನೇ ಕಾಣ್ಸುತ್ತೆ.”

“ಗೊತ್ತಕ್ಕ. ಬಗ್ಗಿದ್ರೆ ಮತ್ತೆ ಏಳೋಕಾಗಲ್ಲ. ಬೆಳಗ್ಗೆಯಿಂದ ನೀವೂ ಬಗ್ಗಿಲ್ವಲ್ಲ.”

ವಿಶಾಲಾಕ್ಷಿ ಇನ್ನೂ ತೊಳೆಯದ ಚೌಡಪ್ಪನ ಬ್ಯುರೆಟ್ಟಿನ ಮುಂದೆ ಮೆಲ್ಲಗೆ ಮೊಣಕಾಲೂರಿದಳು. ದ್ರಾವಣ ಇಪ್ಪತ್ತನ್ನು ದಾಟಿತ್ತು. ಓಡಿಹೋಗಿ ಅವನನ್ನು ತಡೆಯೋಣವೆಂದರೆ ಕಾಲು ಮೇಲೇಳಲಿಲ್ಲ.

ಹೊರಗೆ ಬಸ್ಸು ಹಾರ್ನ್ ಹೊಡೆದು ಗೇಟು ದಾಟಿತು.