ಒಂದೇ ಪ್ಲಗ್ಗು

ಒಮ್ಮೆ ಇನ್ನೊಬ್ಬಳ ಮನೆಯಲ್ಲಿ ಸಿಕ್ಕಿಬಿದ್ದ ಮೇಲೆ, ತಾನೆಲ್ಲಿದ್ದರೂ ಹೆಂಡತಿಗೆ ಕಾಣಲೆಂದು ಅವಳ ಫೋನಿಗೆ ಅವನೇ ಆಪ್ ಹಾಕಿಕೊಟ್ಟಿದ್ದ. ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲೂ ಮೊಬೈಲ್ ಆಪ್‌ಗಳು ಓಡುವಂತೆ ಮಾಡಿ, ಅದೇ ಆಪನ್ನು ಅಲ್ಲೂ ತನ್ನ ಹೆಸರಿನಲ್ಲಿ ತೆರೆದಿಟ್ಟು, "ಇದನ್ನ ಮಾತ್ರ ಆಫ್ ಮಾಡ್ಬೇಡ" ಎಂದಿದ್ದ.

ಮಧ್ಯಾಹ್ನ ಅವನ ಫೋನ್ ಬಂತು.

"ನೀಲಿ ಶರ್ಟ್ ಇಸ್ತ್ರಿ ಮಾಡಿಡು. ಸಂಜೆ ಮೀಟಿಂಗಿದೆ."

"ಎಲ್ಲಿದೀರಾ?"

"ಆಫೀಸಲ್ಲೇ ಕಣೇ. ಇನ್ನೂ ನಂಬ್ಕೆ ಇಲ್ವಾ? ಮ್ಯಾಪ್ ನೋಡ್ಕೋ."

ಸ್ಪೀಕರ್ ಹಾಕಿ ತನ್ನ ಫೋನಿನಲ್ಲೇ ಮ್ಯಾಪ್ ನೋಡಿದಳು. ಅವನ ಚುಕ್ಕಿ ಆಫೀಸಿನ ಮೇಲೆಯೇ ಇತ್ತು. ಅನುಮಾನಪಟ್ಟಿದ್ದಕ್ಕೆ ನಾಚಿಕೆಯಾಯಿತು.

"ಈಗ್ಲೇ ಮಾಡ್ತೀನಿ ಬಿಡಿ."

ಹಾಲ್‌ನಲ್ಲಿದ್ದುದು ಒಂದೇ ಪ್ಲಗ್ಗು. ಐದು ನಿಮಿಷಕ್ಕೇನಾಗುತ್ತದೆಂದು, ಇಸ್ತ್ರಿಪೆಟ್ಟಿಗೆ ಹಾಕಲು ಕಂಪ್ಯೂಟರಿನ ವಯರು ಕಿತ್ತಳು.

ಅವನು ಇನ್ನೂ ಮಾತಾಡುತ್ತಲೇ ಇದ್ದ. ಕಂಪ್ಯೂಟರಿನ ಜೊತೆಗೇ, ಅವಳ ಫೋನಿನಲ್ಲಿ ಆಫೀಸಿನ ಮೇಲಿದ್ದ ಚುಕ್ಕಿಯೂ ಆರಿಹೋಯಿತು.